ಮಗಳಿಗೆ ಪೈಥಾನ್ ಕಲಿಯಬೇಕಂತೆ. ಯಾವ ಪುಸ್ತಕ, ಯಾವ ಸಾಫ್ಟ್‌ವೇರ್?

ಪ್ರಶ್ನೆ:
ಮಗಳು ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದಲ್ಲಿ ಹತ್ತನೇ ಮುಗಿಸಿದಳು. ಪ್ಲಸ್ ವನ್‌ಗೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳುತ್ತಾಳೆ. ಅದಕ್ಕೆ ಮೊದಲು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಆಸೆ. ಮನೆಯಲ್ಲಿರುವುದು 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್. ಹೊಸದು ಬೇಕಾ? ಇಂಗ್ಲಿಷ್ ಪುಸ್ತಕ ಕಂಡರೆ ಹೆದರುತ್ತಾಳೆ. ಕಲಿತವರು, ಕಲಿಸಿದವರು ದಯವಿಟ್ಟು ಹೇಳಿ.

ಹೈಸ್ಕೂಲಿನಲ್ಲಿ ಐಟಿ ಕಲಿಸುವ ಟೀಚರ್, ಕುಂಬಳೆ:
ಅಕ್ಕ, ಏನೂ ಕೊಳ್ಳಬೇಡಿ. ಆ ಲ್ಯಾಪ್‌ಟಾಪ್ ಧಾರಾಳ ಸಾಕು.

ಅದರಲ್ಲಿ ಥಾನಿ (Thonny) ಹಾಕಿ. ಹೊಸದಾಗಿ ಕಲಿಯುವವರಿಗೆಂದೇ ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಾಫ್ಟ್‌ವೇರ್, ಉಚಿತ. ಪೈಥಾನ್ ಅದರ ಜೊತೆಗೇ ಬರುತ್ತದೆ. ಡೀಬಗ್ ಬಟನ್ ಒತ್ತಿದರೆ ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ನಡೆಸಿ ನೋಡಬಹುದು. ಸಂಖ್ಯೆಯನ್ನೋ ಪದವನ್ನೋ ಇಟ್ಟುಕೊಳ್ಳುವ ಹೆಸರಿಗೆ ವೇರಿಯಬಲ್ ಅನ್ನುತ್ತಾರೆ; ಯಾವ ವೇರಿಯಬಲ್‌ನಲ್ಲಿ ಈಗ ಎಷ್ಟಿದೆ ಅಂತ ಪಕ್ಕದಲ್ಲೇ ಕಾಣುತ್ತದೆ. ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು, ಅರ್ಥವಾಗದ ಮಕ್ಕಳಿಗೆ ನಾನು ತೋರಿಸುವುದು ಇದನ್ನೇ. ಬೋರ್ಡಿನಲ್ಲಿ ಎಷ್ಟು ಬರೆದರೂ ತಲೆಗೆ ಹತ್ತದ್ದು, ಆ ಸಂಖ್ಯೆ 1, 2, 3 ಅಂತ ಬದಲಾಗುವುದನ್ನು ಕಣ್ಣಾರೆ ಕಂಡಾಗ ಹತ್ತುತ್ತದೆ.

ಪುಸ್ತಕ ನಿಮ್ಮ ಮನೆಯಲ್ಲೇ ಇರಬೇಕು. ನಮ್ಮ ಕೇರಳದ ಹೈಸ್ಕೂಲು ಐಸಿಟಿ ಪಠ್ಯದಲ್ಲಿ ಪೈಥಾನ್ ಪಾಠ ಇದೆ, ಕನ್ನಡದಲ್ಲೇ. ರದ್ದಿಗೆ ಹಾಕಿದ್ದರೆ ಕೇರಳ ಶಿಕ್ಷಣ ಇಲಾಖೆಯ ಸಮಗ್ರ ಪೋರ್ಟಲ್‌ನಲ್ಲಿ ನೋಡಿ. ಪರೀಕ್ಷೆಗೆ ಓದಿದ್ದು ಬೇರೆ, ಈಗ ಒಂದೊಂದು ಉದಾಹರಣೆಯನ್ನೂ ಕೈಯಾರೆ ಟೈಪ್ ಮಾಡಲಿ.

ಇಂಗ್ಲಿಷ್ ಭಯ ಬೇಡ. ಈಗಿನ ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡ ಹೆಸರು ಇಡಬಹುದು. ತೂಕ = 12 ಅಂತ ಒಂದು ಸಾಲು, ದರ = 400 ಅಂತ ಇನ್ನೊಂದು. ಆಮೇಲೆ ಪ್ರಿಂಟ್ (print) ಬರೆದು ಬ್ರ್ಯಾಕೆಟ್ಟಿನೊಳಗೆ ತೂಕ * ದರ ಕೊಟ್ಟರೆ 4800 ಬರುತ್ತದೆ. ಅಡಿಕೆ ಮಾರಿದ ಲೆಕ್ಕ ಆಯಿತಲ್ವಾ! ಇಫ್, ಫಾರ್, ವೈಲ್ ತರಹದ, ಪೈಥಾನ್ ತನಗೇ ಮೀಸಲಿಟ್ಟ ಪದಗಳು ಅಂದರೆ ಕೀವರ್ಡ್‌ಗಳು ಒಟ್ಟು 35. ಶುರುವಿಗೆ ಅದರಲ್ಲಿ ಹತ್ತು ಹನ್ನೆರಡು ಬಂದರೆ ಸಾಕು.

ಮಂಜೇಶ್ವರದವ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ:
ಟೀಚರ್ ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಕನ್ನಡ ಹೆಸರು ಮಾತ್ರ ಶುರುವಿನಲ್ಲಿ ಸಾಕು. ಕೀಬೋರ್ಡ್ ಅತ್ತಿತ್ತ ಬದಲಿಸುವುದೇ ಒಂದು ಕೆಲಸವಾಗುತ್ತದೆ. ಮುಂದೆ ಬೇರೆಯವರ ಕೋಡ್ ಓದುವಾಗ ಇಂಗ್ಲಿಷ್ ಹೆಸರುಗಳೇ ಸಿಗುವುದು. ನಾನೂ ಕನ್ನಡ ಮಾಧ್ಯಮದವನೇ. ನನಗೆ ನಿಜವಾಗಿ ಬೇಕಾಗಿದ್ದ ಇಂಗ್ಲಿಷ್ ಅಂದರೆ ಎರರ್ ಮೆಸೇಜಿನದ್ದು. ಅದನ್ನು ಕೊನೆಯ ಸಾಲಿನಿಂದ ಓದಲು ಹೇಳಿಕೊಡಿ. ಏನು ತಪ್ಪು ಅಂತ ಅಲ್ಲಿರುತ್ತದೆ, ಯಾವ ಸಾಲಿನಲ್ಲಿ ಅಂತ ಅದರ ಮೇಲೆ ಇರುತ್ತದೆ. ಎಐಗೆ ಕೇಳಿ ಕೋಡ್ ಬರೆಸುವುದು ಈಗಲೇ ಬೇಡ. ಎರರ್‌ನ ಅರ್ಥ ಕೇಳಲಿ, ತಿದ್ದುವುದು ಅವಳೇ ತಿದ್ದಲಿ.

ಯಾರಾದರೂ ಹಳೇ ಪುಸ್ತಕ ಕೊಟ್ಟರೆ ಮೊದಲು ಪ್ರಿಂಟ್ ಇರುವ ಸಾಲು ನೋಡಿ. ಅದರ ಮುಂದೆ ಬ್ರ್ಯಾಕೆಟ್ ಇಲ್ಲದಿದ್ದರೆ ಅದು ಹಳೇ ಆವೃತ್ತಿಯಾದ ಪೈಥಾನ್ 2ರ ಪುಸ್ತಕ. 2020ರ ಜನವರಿಗೆ ಅದರ ಕಾಲ ಮುಗಿಯಿತು. ಹಾಗೇ ಟೈಪ್ ಮಾಡಿದರೆ ಮೊದಲ ಪ್ರೋಗ್ರಾಮೇ ಓಡುವುದಿಲ್ಲ, ಪಾಪ, ಮಗು ತನಗೇ ಬರುವುದಿಲ್ಲ ಅಂದುಕೊಳ್ಳುತ್ತದೆ. ಶಾಲೆ ಪುಸ್ತಕ ಮುಗಿದ ಮೇಲೆ ಅಲೆನ್ ಡೌನಿಯ 'ಥಿಂಕ್ ಪೈಥಾನ್' ಕೊಡಿ. ನೆಟ್‌ನಲ್ಲಿ ಉಚಿತವಾಗಿ ಓದಬಹುದು, ಇಂಗ್ಲಿಷೂ ಸರಳ. ಒಮ್ಮೆಗೆ ಒಂದೇ ಪುಸ್ತಕ ಇರಲಿ.

ಪ್ಲಸ್ ಟು ವಿದ್ಯಾರ್ಥಿನಿ, ಪೆರ್ಲ:
ಆಂಟಿ, ಪ್ಲಸ್ ವನ್‌ನಲ್ಲಿ ನಮಗೆ ಕಲಿಸಿದ್ದು ಸಿ ಪ್ಲಸ್ ಪ್ಲಸ್ ಅನ್ನುವ ಇನ್ನೊಂದು ಭಾಷೆ. ಪೈಥಾನ್ ಕಲಿತದ್ದು ದಂಡವಾಗುವುದಿಲ್ಲ. ಲೂಪ್, ಇಫ್ ಗೊತ್ತಿದ್ದರೆ ಆಮೇಲೆ ಸೆಮಿಕೋಲನ್ ಹಾಕುವುದು, ವೇರಿಯಬಲ್‌ನಲ್ಲಿ ಪೂರ್ಣಾಂಕ ಇರುತ್ತದೆ ಅಂತ ಇಂಟ್ ಬರೆದು ಮೊದಲೇ ಹೇಳುವುದು, ಇಂಥದ್ದು ಅಭ್ಯಾಸವಾದರೆ ಆಯಿತು. ನಾವು ಲ್ಯಾಬಿನಲ್ಲಿ ಬಳಸುವ, ಕೋಡ್ ಬರೆಯುವ ಸಾಫ್ಟ್‌ವೇರ್ ಜೀನಿ(Geany)ಯಲ್ಲಿ ಎರಡೂ ಬರೆಯಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್, ನೆಟ್ ಎರಡನ್ನೂ ನಂಬುವ ಹಾಗಿಲ್ಲ, ನಿಮಗೂ ಗೊತ್ತಲ್ವಾ. ಥಾನಿ ಮತ್ತು ಪಠ್ಯದ ಪಿಡಿಎಫ್ ಈಗಲೇ ಡೌನ್‌ಲೋಡ್ ಮಾಡಿಡಿ. ಪೈಥಾನ್‌ನವರೇ ಕೊಡುವ ಡಾಕ್ಯುಮೆಂಟೇಶನ್ ಕೂಡ ಇಡಿಯಾಗಿ ಇಳಿಸಿಕೊಳ್ಳಲು ಸಿಗುತ್ತದೆ.