ಸಹಾಯ ಬೇಕು: ಅಲ್ಸರ್ ತೂತಾಗಿ ಆಪರೇಷನ್ ಆದವರು ಪ್ಯಾಂಟೊಪ್ರಜೋಲ್ (ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಮಾತ್ರೆ) ನಿಲ್ಲಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಮಲ್ಪೆ, ಅಪ್ಪ ಬೋಟಿಗೆ ಹೋಗುವವರು. ಸೊಂಟನೋವಿಗೆ ವರ್ಷಗಟ್ಟಲೆ ಡೈಕ್ಲೋಫೆನಾಕ್ ನುಂಗಿದ್ದಾರೆ, ಹೆಚ್ಚಾಗಿ ಖಾಲಿ ಹೊಟ್ಟೆಗೆ, ಮೇಲಿಂದ ಬೀಡಿ. ಏಪ್ರಿಲ್‌ನಲ್ಲಿ ಒಂದು ಬೆಳಗಿನ ಜಾವ ಒಮ್ಮೆಲೇ ತಡೆಯಲಾಗದ ನೋವು. ಹೊಟ್ಟೆ ಮುಟ್ಟಿದರೆ ಹಲಗೆಯ ಹಾಗೆ ಗಟ್ಟಿ. ಕಾಲು ಮಡಚಿಕೊಂಡು ಅಲುಗಾಡದೆ ಮಲಗಿದ್ದರು. ಎಕ್ಸ್‌ರೇಯಲ್ಲಿ ವಪೆಯ (ಎದೆ, ಹೊಟ್ಟೆ ನಡುವಿನ ಪರದೆ) ಕೆಳಗೆ ಗಾಳಿ ಕಾಣಿಸಿತು. ಸಣ್ಣ ಕರುಳಿನ ಶುರುವಿನಲ್ಲೇ ಅಲ್ಸರ್ ತೂತಾಗಿತ್ತಂತೆ. ಅವತ್ತೇ ಹೊಟ್ಟೆ ತೊಳೆದು, ಒಳಗಿನ ಕೊಬ್ಬಿನ ಪದರವನ್ನೇ ತೂತಿನ ಮೇಲಿಟ್ಟು ಹೊಲಿದರು. ದೇವರ ದಯೆ, ಈಗ ಗಂಜಿ ಉಣ್ಣುತ್ತಾರೆ, ಬೀಡಿ ಬಿಟ್ಟಿದ್ದಾರೆ.

ಅಲ್ಸರ್ ತರುವ ಎಚ್. ಪೈಲೋರಿ ಕ್ರಿಮಿಗೆ ಅಂತ ಎರಡು ಆಂಟಿಬಯಾಟಿಕ್ 14 ದಿನ ಕೊಟ್ಟರು, ಮುಗಿದಿದೆ. ಪ್ಯಾಂಟೊಪ್ರಜೋಲ್ ಮಾತ್ರ ಮುಂದುವರಿದಿದೆ.

ಗೊಂದಲ ಇಲ್ಲೇ. ಕ್ರಿಮಿ ಪೂರ್ತಿ ಹೋಗಿದೆಯಾ ಅಂತ ನೋಡಲು ಉಸಿರಿನ ಟೆಸ್ಟ್ ಬರೆದಿದ್ದಾರೆ. ಆಂಟಿಬಯಾಟಿಕ್ ಮುಗಿದು 4 ವಾರ ಆಗಿರಬೇಕು, ಪ್ಯಾಂಟೊಪ್ರಜೋಲ್ 2 ವಾರ ನಿಲ್ಲಿಸಿರಬೇಕು, ಇಲ್ಲದಿದ್ದರೆ ಕ್ರಿಮಿ ಇದ್ದರೂ ಇಲ್ಲ ಅಂತ ಬರಬಹುದು ಅನ್ನುತ್ತಾರೆ ಲ್ಯಾಬಿನವರು. ಡಿಸ್ಚಾರ್ಜ್ ಚೀಟಿಯಲ್ಲಿ "ಮಾತ್ರೆ ನಿಲ್ಲಿಸಬಾರದು" ಅಂತ ಕೆಳಗೆ ಗೆರೆ ಎಳೆದು ಬರೆದಿದೆ. ಸರ್ಜನ್ ರಜೆಯಲ್ಲಿದ್ದಾರೆ, ಫೋನ್ ಮಾಡಿದರೆ ಕಾಯಿರಿ ಅನ್ನುತ್ತಾರೆ. ಆಗಸ್ಟಿಗೆ ಬೋಟು ಇಳಿಯುತ್ತದೆ, ಅಪ್ಪ ಈಗಲೇ ಹೊರಟು ನಿಂತಿದ್ದಾರೆ. ನನಗಂತೂ ತುಂಬಾ ಹೆದರಿಕೆ.

ಇಲ್ಲಿ ಡಾಕ್ಟರುಗಳು ಇದ್ದರೆ ದಯವಿಟ್ಟು ಹೇಳಿ: ಆಪರೇಷನ್ ಆದವರು ಟೆಸ್ಟಿಗೋಸ್ಕರ ಆ 2 ವಾರ ಮಾತ್ರೆ ಬಿಡಬಹುದಾ, ನಡುವೆ ಬೇರೆ ಏನಾದರೂ ಕೊಡುತ್ತಾರಾ? ಇದನ್ನು ಸರ್ಜನ್ನರಲ್ಲೇ ಕೇಳಬೇಕಾ, ಗ್ಯಾಸ್ಟ್ರೋ ಡಾಕ್ಟರಿಗೆ ತೋರಿಸಿದರೆ ಸಾಕಾ?