ವಿನಿ ಹಾಕಿದ ಡೈನೋ ಶೀಟು (ಗಾಡಿನ ಡ್ರಮ್ ಮೇಲೆ ಓಡಿಸಿ ಪವರ್ ಅಳೆದ ಚೀಟಿ): ಮೆಕ್ಯಾನಿಕಲ್ 2010 ಗೆಳೆಯರ ಗುಂಪು, ಶನಿವಾರ ರಾತ್ರಿ

ವಿನಿ, 8:41
(ಫೋಟೋ)
ಆಯ್ತು ಕಣ್ರೋ ಕೊನೆಗೂ!! ಬೆಳಗ್ಗೆ 9ಕ್ಕೆ ಬಿಟ್ಟ ಗಾಡಿ ಸಂಜೆ 5ಕ್ಕೆ ಕೈಗೆ ಬಂತು. ಇಂಟರ್‌ಸೆಪ್ಟರ್ 650, ನಂದು 2019ರ ಬಿಎಸ್4 ಗಾಡಿ ಗೊತ್ತಲ್ಲ. ಹಿಂದಿನ ಚಕ್ರದಲ್ಲಿ ಮೊದ್ಲು 39.8 ಎಚ್‌ಪಿ ಇತ್ತು, ಟ್ಯೂನ್ ಆದ್ಮೇಲೆ 43.6. ಶೀಟ್ ನೋಡಿ, ಕೆಂಪು ಗೆರೆ ಹಳೇದು, ನೀಲಿ ಹೊಸದು

ಮಂಜ, 8:44
ಸೂಪರ್ ಮಗಾ 👏

ಕಿಟ್ಟಿ, 8:45
ಎಷ್ಟಾಯ್ತು

ವಿನಿ, 8:47
ಪಿಗ್ಗಿಬ್ಯಾಕ್ ಇಸಿಯು (ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಅಂತ ಹೇಳೋ ಕಂಪ್ಯೂಟರ್ ಜೊತೆ ಸೇರಿಸೋ ಡಬ್ಬಿ), ಏರ್ ಫಿಲ್ಟರ್, ಸೈಲೆನ್ಸರ್ ಎರಡು, ಡೈನೋ ಎಲ್ಲಾ ಸೇರಿ 52 ಸಾವಿರ. ಡೈನೋ ಕೆಲಸಕ್ಕೆ ಮಾತ್ರ 12

ಕಿಟ್ಟಿ, 8:50
ಅಂದ್ರೆ ಒಂದೊಂದು ಎಚ್‌ಪಿಗೆ ಹದಿಮೂರು ಹದಿನಾಲ್ಕು ಸಾವಿರ ಬಿತ್ತು. ಬೇಜಾರು ಮಾಡ್ಕೋಬೇಡ, ಆದ್ರೆ ನೀನು ದಿನಾ ಹೋಗೋದು ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ, ಅಲ್ಲಿ ಈ 3.8 ಎಲ್ಲಿ ಉಪಯೋಗಕ್ಕೆ ಬರುತ್ತೆ ಹೇಳು

ವಿನಿ, 8:58
ಕಿಟ್ಟಿ, ನಾನು ಪವರ್‌ಗೋಸ್ಕರ ಮಾಡಿಸಿದ್ದಲ್ಲ ಕಣೋ. ಎರಡನೇ ಗೇರಲ್ಲಿ 2500-3000 ಆರ್‌ಪಿಎಂ ಹತ್ರ ಥ್ರಾಟಲ್ ಸ್ವಲ್ಪ ಬಿಟ್ಟು ಮತ್ತೆ ಹಿಡಿದ್ರೆ ಗಾಡಿ ಜಗ್ಗೋದು, ಟ್ರಾಫಿಕ್ಕಲ್ಲಿ ಒಂದು ಗಂಟೆ ಹಂಗೆ ಜಗ್ಗಿಸ್ಕೊಂಡ್ರೆ ಮಣಿಕಟ್ಟು ನೋವು ಬರುತ್ತೆ, ಹಿಂದೆ ಕೂತ ಹೆಂಡ್ತಿ ಹೆಲ್ಮೆಟ್ ನನ್ನ ಹೆಲ್ಮೆಟ್‌ಗೆ ಟಕ್ ಟಕ್ ಅಂತ ಹೊಡಿಯೋದು. ಇವತ್ತು ವಾಪಸ್ ಬರ್ತಾ ಅದು ಪೂರ್ತಿ ಹೋಗಿದೆ, ಬೆಣ್ಣೆ ತರ ಹೋಗ್ತಾ ಇದೆ. ನಂಗೆ ಅದಕ್ಕೇ ಖುಷಿ

ಪಾಟೀಲ, 9:06
ವಿನ್ಯಾ, ಖುಷಿ ಆತು ನೋಡಿ. ಆದ್ರ ಆ ಫೋಟೋ ಸ್ವಲ್ಪ ಜೂಮ್ ಮಾಡಿ ಬಲಗಡೆ ಕೆಳಗ ಸಣ್ಣ ಅಕ್ಷರ ನೋಡು. ಕೆಂಪು ರನ್ನಿಗೆ ಎಸ್‌ಎಇ ಅಂತ ಐತಿ, ನೀಲಿ ರನ್ನಿಗೆ ಎಸ್‌ಟಿಡಿ ಅಂತ ಐತಿ

ವಿನಿ, 9:08
ಅಂದ್ರೆ?

ಪಾಟೀಲ, 9:19
ಅಂದ್ರ ಎರಡೂ ಒಂದ ತಕ್ಕಡಿ ಮ್ಯಾಲೆ ತೂಗಿಲ್ಲ. ಡೈನೋ ಅಳಿಯೋದು ಆ ದಿನದ ಗಾಳಿಯಾಗ ಬಂದ ಪವರ್, ಆಮ್ಯಾಲೆ ಸಾಫ್ಟ್‌ವೇರ್ ಅದನ್ನ ಒಂದು ಸ್ಟ್ಯಾಂಡರ್ಡ್ ಹವಾಕ್ಕ ಲೆಕ್ಕ ಹಾಕಿ ತೋರಸ್ತೈತಿ. ಎಸ್‌ಎಇ ಅಂದ್ರ 25 ಡಿಗ್ರಿ, 99 ಕಿಲೋಪಾಸ್ಕಲ್ ಒತ್ತಡ. ಎಸ್‌ಟಿಡಿ ಇನ್ನೂ ತಂಪು, ಇನ್ನೂ ದಟ್ಟ ಗಾಳಿ ಹಿಡಿತೈತಿ, ಅದಕ್ಕ ಅದೇ ಗಾಡಿ ಅದೇ ರನ್ನು ಎಸ್‌ಟಿಡಿಯಾಗ ಸುಮಾರು 4 ಪರ್ಸೆಂಟ್ ಜಾಸ್ತಿ ಕಾಣತೈತಿ. ನಿನ್ನ 43.6 ಅನ್ನ ಎಸ್‌ಎಇಗೆ ತಂದ್ರ 41.9 ಆಗತೈತಿ. ಅಂದ್ರ ಖರೇ ಬಂದಿದ್ದು 2.1, 3.8 ಅಲ್ಲ

ಮಂಜ, 9:20
ಅಯ್ಯೋ

ಕಿಟ್ಟಿ, 9:21
ಅಂದ್ರೆ ಒಂದು ಎಚ್‌ಪಿಗೆ 25 ಸಾವಿರ ಆಯ್ತು. ಅವ್ರು ಬೇಕಂತಲೇ ಮಾಡಿದ್ದಾರೆ

ವಿನಿ, 9:24
ಕಿಟ್ಟಿ ಹಂಗೆ ತಕ್ಷಣ ಹೇಳ್ಬೇಡ. ಆ ಮನುಷ್ಯ ಬೆಳಗ್ಗೆಯಿಂದ ಊಟಕ್ಕೂ ಹೋಗದೆ ನನ್ನ ಗಾಡಿ ಮೇಲೆ ಕೆಲಸ ಮಾಡಿದ್ದಾನೆ, ನಾನು ಪಕ್ಕದಲ್ಲೇ ನಿಂತಿದ್ದೆ

ಪಾಟೀಲ, 9:27
ನಾನೂ ಹಂಗ ಹೇಳಂಗಿಲ್ಲ. ಹಿಂದಿನ ಗಿರಾಕಿದ ಸೆಟ್ಟಿಂಗ್ ಹಂಗ ಉಳಿದಿರಬಹುದು. ಅವ್ರಿಗೆ ಫೋನ್ ಹಚ್ಚಿ ಎರಡೂ ರನ್ ಎಸ್‌ಎಇಯಾಗ ಪ್ರಿಂಟ್ ಕೊಡ್ರಿ ಅನ್ನು. ಸೇವ್ ಮಾಡಿದ ರನ್ನಿಗೆ ಕರೆಕ್ಷನ್, ಅಂದ್ರ ಆ ಹವಾದ ಲೆಕ್ಕ, ಬದಲಿ ಮಾಡೋದು ಎರಡು ಕ್ಲಿಕ್ ಕೆಲಸ, ಗಾಡಿ ಮತ್ತ ಏರಿಸೋದು ಬ್ಯಾಡ

ಮಂಜ, 9:30
ಪಾಟೀಲ, ನಮ್ಮ ಬೆಂಗಳೂರು 900 ಮೀಟರ್ ಎತ್ತರದಲ್ಲಿದೆಯಲ್ಲ, ಇಲ್ಲಿ ಗಾಳಿ ತೆಳು. ಆ ಲೆಕ್ಕ ಎಲ್ಲಿ ಬರುತ್ತೆ?

ಪಾಟೀಲ, 9:36
ಅದೂ ಅದರಾಗ ಬರ್ತೈತಿ. ಬೆಂಗಳೂರಾಗ ಒತ್ತಡ ಸುಮಾರು 91, ಅದಕ್ಕ ಸಾಫ್ಟ್‌ವೇರ್ ಹತ್ತು ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿ ಕೂಡಸ್ತೈತಿ. ಶೀಟಿನ್ಯಾಗ 41.9 ಇದ್ರ ಸಿಲ್ಕ್ ಬೋರ್ಡ್ ರಸ್ತೆ ಮ್ಯಾಲೆ ಸಿಗೋದು 37-38. ಮಂಗಳೂರಿಗೆ ಇಳಿದ್ರ ಮತ್ತ ಮ್ಯಾಲೆ ಹೋಗತೈತಿ. ಕಂಪನಿ ಹೇಳೋ 47 ಅಂತೂ ಕ್ರ್ಯಾಂಕಿನದು, ಅಂದ್ರ ಎಂಜಿನ್ ಹತ್ರನ ಅಳದಿದ್ದು, ಗೇರು ಚೈನು ಟೈರಿನ್ಯಾಗ ಒಂದಿಷ್ಟು ಹೋದ ಮ್ಯಾಲೆ ಚಕ್ರಕ್ಕ ಬರೋದು ನೀ ನೋಡಿದ್ದು. ಅದಕ್ಕ ಒಂದ ದಿನ, ಒಂದ ಡೈನೋ, ಒಂದ ಕರೆಕ್ಷನ್, ಮೊದಲಿನದು ಆಮ್ಯಾಲಿನದು, ಇಷ್ಟ ಹೋಲಿಸಬೇಕು. ಬ್ಯಾರೆ ಊರಿನ ಬ್ಯಾರೆ ಗಾಡಿ ಶೀಟ್ ಜೋಡಿ ಹೋಲಿಸಬ್ಯಾಡ

ಸುಮಾ, 9:48
ಮಗುನ ಮಲಗಿಸಿ ಈಗ ನೋಡ್ದೆ. ವಿನಿ, ಎಚ್‌ಪಿ ಬಿಡು, ನಂಗೆ ಬೇರೆ ಪ್ರಶ್ನೆ ಇದೆ. ಆಕ್ಸಿಜನ್ ಸೆನ್ಸರ್ ಏನ್ ಮಾಡಿದ್ರು?

ವಿನಿ, 9:51
ಎರಡೂ ಬಿಚ್ಚಿ ಒಂದು ಕವರಲ್ಲಿ ಹಾಕಿ ಕೊಟ್ಟಿದ್ದಾರೆ, ಸೀಟ್ ಕೆಳಗೆ ಇದೆ. ಕನೆಕ್ಟರ್‌ಗೆ ಹೆಬ್ಬೆರಳ ಉಗುರಿನಷ್ಟು ಚಿಕ್ಕ ಪ್ಲಗ್ ಸಿಕ್ಕಿಸಿದ್ದಾರೆ, ಇಸಿಯುಗೆ ಸೆನ್ಸರ್ ಇದೆ ಅಂತ ಅನ್ಸೋಕೆ. ಆ ಪ್ಲಗ್ ಇಲ್ದಿದ್ರೆ ಇಸಿಯು ಇವರು ಹಾಕಿದ ಪೆಟ್ರೋಲ್ ವಾಪಸ್ ಕಡಿಮೆ ಮಾಡ್ಬಿಡುತ್ತೆ ಅಂದ್ರು

ಸುಮಾ, 10:07
ಅವ್ರು ಹೇಳಿದ್ದು ನಿಜ, ಆದ್ರೆ ನಂಗೆ ಬೇಜಾರಾಗೋದೇ ಇಲ್ಲಿ. ಹನ್ನೆರಡು ವರ್ಷದಿಂದ ನಾನು ಮಾಡ್ತಿರೋದು ಇದೇ ಕ್ಯಾಲಿಬ್ರೇಷನ್ ಕೆಲಸ ಕಣೋ, ಹಂಗಾಗಿ ಸುಮ್ನಿರೋಕೆ ಆಗ್ತಿಲ್ಲ. ನಿನ್ನ ಸೈಲೆನ್ಸರ್ ದಾರೀಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡ್ಬೇಕಂದ್ರೆ ಮಿಶ್ರಣ ಸರಿಯಾಗಿ ಲ್ಯಾಂಬ್ಡಾ 1ರ, ಅಂದ್ರೆ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಇರೋ ಅಳತೆಯ, ಅತ್ತ ಇತ್ತ ತೂಗಾಡ್ತಾ ಇರ್ಬೇಕು. ಪೆಟ್ರೋಲ್ ಜಾಸ್ತಿ ಆದ್ರೆ ಕಾರ್ಬನ್ ಮಾನಾಕ್ಸೈಡು, ಸುಡದ ಪೆಟ್ರೋಲು ಹಂಗೇ ಆಚೆ ಹೋಗುತ್ತೆ, ಕಡಿಮೆ ಆದ್ರೆ ನೈಟ್ರೋಜನ್ ಆಕ್ಸೈಡ್ ಹೋಗುತ್ತೆ. ಆ ತೂಗಾಟ ಮಾಡ್ಸೋದೇ ಆ ಸೆನ್ಸರ್. ಅದನ್ನ ಕವರಲ್ಲಿ ಕಟ್ಟಿಟ್ಟು 2500 ಆರ್‌ಪಿಎಂಗೂ ರಿಚ್ (ಪೆಟ್ರೋಲ್ ಜಾಸ್ತಿ) ಮಾಡಿಸ್ಕೊಂಡಿದ್ದೀಯ, ಗಾಡಿ ಬೆಣ್ಣೆ ತರ ಹೋಗುತ್ತೆ ಖಂಡಿತ, ರಿಚ್ ಮಾಡಿದ್ರೆ ಯಾವ ಗಾಡಿನೂ ನುಣುಪಾಗೇ ಹೋಗೋದು. ಆದ್ರೆ ಸಿಗ್ನಲಲ್ಲಿ ನಿನ್ನ ಹಿಂದೆ ಸ್ಕೂಟರಲ್ಲಿ ಮಗು ಕೂರಿಸ್ಕೊಂಡು ನಿಂತಿರೋರು ಅದನ್ನ ಉಸಿರಾಡ್ತಾರೆ. ನಾನೂ ಅದೇ ರೋಡಲ್ಲಿ ಹೋಗೋದು

ವಿನಿ, 10:10
ನಾನು ಕ್ಯಾಟ್ ತೆಗೆಸಿಲ್ಲ ಸುಮಾ, ಅದನ್ನ ಮೊದ್ಲೇ ಹೇಳಿದ್ದೆ ಅವರಿಗೆ

ಸುಮಾ, 10:11
ಇದ್ರೂ ಇಲ್ದಂಗೇ ಆಯ್ತು ಕಣೋ ಈಗ

ಕಿಟ್ಟಿ, 10:14
ಕಾನೂನಿನ ವಿಷಯನೂ ಹೇಳ್ಬಿಡ್ತೀನಿ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಆಯ್ತಲ್ಲ, ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ 5,000 ದಂಡ, ಆರು ತಿಂಗಳವರೆಗೆ ಜೈಲೂ ಇದೆ. ಸೈಲೆನ್ಸರ್ ಸೌಂಡ್ ಕೇಳಿಸ್ಕೊಂಡು ಯಾವ ಪೊಲೀಸ್ ನಿಲ್ಲಿಸ್ತಾರೋ ಗೊತ್ತಿಲ್ಲ

ವಿನಿ, 10:16
ಹ್ಮ್

ಮಂಜ, 10:22
ವಿನಿ ಒಂದು ಕೇಳ್ತೀನಿ, ಟ್ಯೂನಿಂಗ್ ಟೈಮಲ್ಲಿ ಟ್ಯಾಂಕಲ್ಲಿ ಯಾವ ಪೆಟ್ರೋಲ್ ಇತ್ತು

ವಿನಿ, 10:23
100 ಆಕ್ಟೇನ್, ಸುಲಭಕ್ಕೆ ತಾನಾಗೇ ಸಿಡಿಯದ ಪೆಟ್ರೋಲ್. ಡೈನೋಗೆ ಒಳ್ಳೇದು ಇರ್ಲಿ ಅಂತ ಹಿಂದಿನ ದಿನ ತುಂಬಿಸಿದ್ದೆ

ಮಂಜ, 10:24
ದಿನಾ ಹಾಕ್ಸೋದು?

ವಿನಿ, 10:24
ಮಾಮೂಲಿ

ಮಂಜ, 10:39
ಮಗಾ ದಯವಿಟ್ಟು ನಾಳೆ ಗಾಡಿ ಓಡಿಸ್ಬೇಡ. ನಂದು ಡ್ಯೂಕ್ 390 ಏನಾಯ್ತು ಅಂತ ಗುಂಪಲ್ಲಿ ಯಾರಿಗೂ ಹೇಳಿರ್ಲಿಲ್ಲ, ಈಗ ಹೇಳ್ತೀನಿ. ನಾನು ಡೈನೋಗೂ ಹೋಗ್ಲಿಲ್ಲ, ಇಂಥ ಮಾಡೆಲ್ಲು ಇಂಥ ಸೈಲೆನ್ಸರ್ರು ಅಂತ ಬರೆದು ಕಳಿಸಿದ್ರೆ ಅವ್ರು ರೆಡಿ ಮ್ಯಾಪ್ (ಇಸಿಯುಗೆ ಹಾಕೋ ನಂಬರ್ ಪಟ್ಟಿ) ಮೇಲ್ ಮಾಡಿದ್ರು, ಹಾಕ್ಕೊಂಡೆ. ಬೇರೆ ಪೆಟ್ರೋಲಿಗೆ ಮಾಡಿದ ಮ್ಯಾಪು ಅದು, ಟೈಮಿಂಗ್ ಮುಂದೆ ಇಟ್ಟಿದ್ರು, ಅಂದ್ರೆ ಕಿಡಿ ಬೇಗ ಹೊತ್ತೋ ಹಂಗೆ. ಹಾಸನದಿಂದ ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರ್ತಾ ಚಾರ್ಮಾಡಿ ಘಾಟ್ ಹತ್ತೋವಾಗ, ಹಿಂದೆ ತಮ್ಮ ಕೂತಿದ್ದ, ಮೂರನೇ ಗೇರಲ್ಲಿ ಟಿಣಿಟಿಣಿ ಅಂತ ಸಣ್ಣ ಸದ್ದು, ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂಗೆ. ಚೈನ್ ಇರ್ಬೇಕು ಅನ್ಕೊಂಡು ಹತ್ತಿಸಿದೆ. ಕೊಟ್ಟಿಗೆಹಾರ ಬರೋಷ್ಟರಲ್ಲಿ ಪವರ್ ಹೋಯ್ತು. ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ ಅಂಗೈ ಮೇಲಿಟ್ಟು ಟಾರ್ಚ್ ಹಾಕಿ ತೋರಿಸ್ದ, ಬಿಳಿ ಪಿಂಗಾಣಿ ಮೇಲೆ ಸಾಸಿವೆಗಿಂತ ಸಣ್ಣ ಸಣ್ಣ ಬೆಳ್ಳಿ ಚುಕ್ಕೆ. ಅದು ಪಿಸ್ಟನ್ನಿನ ಅಲ್ಯೂಮಿನಿಯಂ ಸಾರ್, ಕರಗಿ ಹಾರಿ ಅಂಟ್ಕೊಂಡಿದೆ ಅಂದ. ಹೆಡ್ ಎತ್ತಿದಾಗ ಪಿಸ್ಟನ್ ಅಂಚು ಇಲಿ ಕಡಿದಂಗಿತ್ತು. ಆ ಪ್ಲಗ್ ಇನ್ನೂ ನನ್ನ ಟೇಬಲ್ ಡ್ರಾಯರಲ್ಲಿದೆ

ಸುಮಾ, 10:42
ಮಂಜ 😟 ಎಂಜಿನ್ ಅಲ್ಲೇ ಜಾಮ್ ಆಗಿದ್ರೆ ಇಬ್ರೂ ಬೀಳ್ತಿದ್ರಿ

ಪಾಟೀಲ, 10:46
ಮಂಜ ಹೇಳಿದ್ದು ಗಂಭೀರ ಐತಿ ವಿನ್ಯಾ. 100 ಆಕ್ಟೇನಿಗೆ ಇಗ್ನಿಷನ್ ಟೈಮಿಂಗ್ ಎರಡು ಮೂರು ಡಿಗ್ರಿ ಮುಂದ ಇಟ್ಟಿದ್ರ ಮಾಮೂಲಿ ಪೆಟ್ರೋಲಿಗೆ ನಾಕ್, ಅಂದ್ರ ಪೆಟ್ರೋಲ್ ತನ್ನಷ್ಟಕ್ಕ ಸಿಡಿಯೋದು, ಆಗಬಹುದು. ಭಾಳ ಬೈಕಿನ್ಯಾಗ ನಾಕ್ ಸೆನ್ಸರ್ ಇರಂಗಿಲ್ಲ, ಇಸಿಯುಗೆ ಗೊತ್ತ ಆಗಂಗಿಲ್ಲ. ದಿನಾ ಏನ್ ಹಾಕ್ಸತೀಯೋ ಅದನ್ನ ಹಾಕಿ ಟ್ಯೂನ್ ಮಾಡಸಬೇಕಿತ್ತು

ವಿನಿ, 10:49
ಸರಿ, ಟ್ಯಾಂಕಲ್ಲಿ ಇನ್ನೂ 100 ಇದೆ, ಖಾಲಿ ಆಗೋ ತನಕ ತೊಂದ್ರೆ ಇಲ್ಲ. ಆದ್ರೆ ಸುಮಾ, ಒಂದು ಮಾತು ನಾನೂ ಹೇಳ್ಬೇಕು. ನಂದು 2019ರ ಗಾಡಿ, ಈಗ ಬಂಕಲ್ಲಿ ಹಾಕೋದು ಇ20, 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. ಇದು ಆ ಪೆಟ್ರೋಲಿಗೆ ಮಾಡಿದ ಗಾಡಿನೇ ಅಲ್ಲ, ಲೀನ್ (ಗಾಳಿಗೆ ಪೆಟ್ರೋಲ್ ಕಡಿಮೆ) ಆಗ್ತಿದೆ. ಹಂಗಿರೋವಾಗ ಟ್ಯೂನ್ ಮಾಡಿಸೋದು ತಪ್ಪು ಹೆಂಗಾಗುತ್ತೆ?

ಸುಮಾ, 11:04
ತಪ್ಪು ಅಂತ ನಾನು ಹೇಳ್ಲೇ ಇಲ್ಲ, ಈ ಪ್ರಶ್ನೆ ಸರಿಯಾಗಿದೆ. ಬರೀ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು, ಇ20 ಮಿಶ್ರಣಕ್ಕೆ 13.5ರ ಆಸುಪಾಸು. ಅಂದ್ರೆ ಅಷ್ಟೇ ಗಾಳಿಗೆ ಇನ್ನೂ ಜಾಸ್ತಿ ಪೆಟ್ರೋಲ್ ಚಿಮ್ಮಬೇಕು. ನಿಧಾನವಾಗಿ ಹೋಗೋವಾಗ ಅದನ್ನ ಸರಿ ಮಾಡೋದು ಯಾರು? ಅದೇ ಆಕ್ಸಿಜನ್ ಸೆನ್ಸರ್! ಇ10 ಹಾಕಿದ್ರೂ ಇ20 ಹಾಕಿದ್ರೂ ಅದು ನೋಡ್ಕೊಂಡು ಅಡ್ಜಸ್ಟ್ ಮಾಡುತ್ತೆ. ಪೂರ್ತಿ ಥ್ರಾಟಲ್ ತಿರುಗಿಸಿದಾಗ ಮಾತ್ರ ಇಸಿಯು ಆ ಸೆನ್ಸರ್ ಮಾತು ಕೇಳಲ್ಲ, ಟೇಬಲಲ್ಲಿ ಬರೆದಿದ್ದನ್ನೇ ಚಿಮ್ಮುತ್ತೆ, ಲೀನ್ ಆಗೋದು ಅಲ್ಲಿ. ಹಂಗಾಗಿ ಟ್ಯೂನಿಂಗ್ ಬೇಕಾಗಿರೋದು ಮೇಲಿನ ಭಾಗಕ್ಕೆ, ನೀನು ಕೆಳಗಿನ ಭಾಗದ ಕಾವಲುಗಾರನನ್ನೇ ತೆಗೆದು ಸೀಟ್ ಕೆಳಗೆ ಹಾಕಿದ್ದೀಯ. ಇನ್ಮೇಲೆ ಬಂಕಲ್ಲಿ ಏನೇ ಕೊಟ್ರೂ ಗಾಡಿಗೆ ಗೊತ್ತಾಗಲ್ಲ

ಪಾಟೀಲ, 11:08
ಅದಕ್ಕ ನಾ ಕೆಳಗಿನ ಗ್ರಾಫ್ ನೋಡಂತೀನಿ. ಮ್ಯಾಲಿನ ಪವರ್ ಗೆರೆ ಎಲ್ಲಾರೂ ನೋಡ್ತಾರ, ಅದರ ಕೆಳಗ ಎಎಫ್‌ಆರ್ ಗೆರೆ (ಗಾಳಿ-ಪೆಟ್ರೋಲ್ ಅನುಪಾತ) ಐತೆಲ್ಲ. ಕೆಂಪು 6000 ಮ್ಯಾಲೆ 14ಕ್ಕ ಏರೇತಿ, ಫುಲ್ ಥ್ರಾಟಲಿನ್ಯಾಗ ಅದು ಬಿಸಿ ಆಗೋ ಜಾಗ. ನೀಲಿ ಪೂರ್ತಿ 12.8ರ ಮ್ಯಾಲೆ ಸಪಾಟ ಕುಂತೈತಿ, ಲ್ಯಾಂಬ್ಡಾ 0.87. ಇದನ್ನ ಮಾಡಿದಾಂವ ಕೆಲಸ ಬಲ್ಲಾಂವ. 2.1 ಎಚ್‌ಪಿಗಿಂತ ಆ ಸಪಾಟ ಗೆರೆ ದೊಡ್ಡದು ನನಗ

ಕಿಟ್ಟಿ, 11:10
ಅಂದ್ರೆ ಒಳ್ಳೇದಾ ಕೆಟ್ಟದ್ದಾ ಒಂದು ಹೇಳ್ರಪ್ಪ

ಪಾಟೀಲ, 11:11
ಮ್ಯಾಲಿನ ಅರ್ಧ ಚಲೋ ಆಗೇತಿ, ಕೆಳಗಿನ ಅರ್ಧ ವಾಪಸ್ ತಗಿಸಬೇಕು. ವಿನ್ಯಾ, ಡೈನೋಕ್ಕ ಬ್ರೇಕ್ ಇತ್ತೇನು, ಬರೇ ಡ್ರಮ್ಮೇನು?

ವಿನಿ, 11:20
ಬ್ರೇಕ್ ಇತ್ತು. ಮುಂದಿನ ಚಕ್ರ ಕ್ಲ್ಯಾಂಪಲ್ಲಿ ಹಿಡಿದು, ನಾಲ್ಕು ಕಡೆ ಸ್ಟ್ರ್ಯಾಪ್ ಬಿಗಿದು, ಎದುರಿಗೆ ದೊಡ್ಡ ಫ್ಯಾನ್ ಇಟ್ಟಿದ್ರು. ಆಯಿಲ್ ಬಿಸಿ ಆಗೋ ತನಕ ಶುರುನೇ ಮಾಡ್ಲಿಲ್ಲ. ಆಮೇಲೆ ಥ್ರಾಟಲ್ 10 ಪರ್ಸೆಂಟಲ್ಲಿ ಹಿಡ್ಕೊಂಡು 2500, 3000, 3500 ಅಂತ ಡ್ರಮ್ಮನ್ನ ಒಂದೊಂದು ಕಡೆ ನಿಲ್ಲಿಸಿ, ಲ್ಯಾಪ್‌ಟಾಪಲ್ಲಿ ಒಂದೊಂದು ಖಾನೆಗೆ ನಂಬರ್ ಹಾಕೋರು. ಮತ್ತೆ 20, ಮತ್ತೆ 40. ಮೂರು ಗಂಟೆ ಅದೇ. ಫುಲ್ ಥ್ರಾಟಲ್ ರನ್ ಅಂತೂ ಹತ್ತು ಹನ್ನೆರಡು ಸೆಕೆಂಡಿಗೆ ಮುಗೀತು

ಪಾಟೀಲ, 11:23
ಹಂಗಾದ್ರ ಕೊಟ್ಟ 12 ಸಾವಿರಕ್ಕ ಮೋಸ ಇಲ್ಲ. ಬರೇ ಡ್ರಮ್ ಇದ್ರ ಆ ಖಾನೆಗಳನ್ನ ಹಿಂಗ ಹಿಡಿದು ತುಂಬಾಕ ಆಗಂಗಿಲ್ಲ. ಇನ್ನೊಂದು, ಹೋಗೋ ಮೊದಲ ಚೈನ್ ಸಡಿಲ ನೋಡಿದ್ರೇನು? ಥ್ರಾಟಲ್ ಬಾಡಿ ಎರಡೂ ಸಿಂಕ್, ಅಂದ್ರ ಒಂದ ಸಮ ತೆರಿಯೋ ಹಂಗ, ಮಾಡಿದ್ರೇನು? ಥ್ರಾಟಲ್ ಕೇಬಲ್ ಸಡಿಲ ನೋಡಿದ್ರೇನು?

ವಿನಿ, 11:25
ಸಿಂಕ್ ಮಾಡಿಲ್ಲ ಅನ್ಸುತ್ತೆ. ಚೈನ್ ನೋಡಿಲ್ಲ

ಪಾಟೀಲ, 11:27
ಎರಡನೇ ಗೇರಿನ ಜಗ್ಗಾಟಕ್ಕ ಅರ್ಧಕ್ಕರ್ಧ ಕಾರಣ ಅಲ್ಲೇ ಇರತೈತೋ ಮಾರಾಯ. ನಾಳೆ ಬೆಳಗ್ಗೆ ನೋಡು

ಭಾನುವಾರ

ವಿನಿ, 7:52
(ಫೋಟೋ)
ಪಾರ್ಕಿಂಗಲ್ಲಿ ಇದ್ದೀನಿ. ಚೈನ್ ಕೆಳಗಿನ ಭಾಗ ಬೆರಳಲ್ಲಿ ಎತ್ತಿದ್ರೆ ಮೂರು ಬೆರಳು ಅಗಲ ಮೇಲೆ ಹೋಗ್ತಿದೆ. ಒಂದು ಕಡೆ ಬಿಗಿ, ಒಂದು ಕಡೆ ಜೋತು ಬಿದ್ದಿದೆ. ಥ್ರಾಟಲ್ ಹಿಡಿನೂ ಸುಮಾರು ಸಡಿಲ ಇದೆ

ಪಾಟೀಲ, 7:58
ಎಲ್ಲಾ ಕಡೆ ಒಂದ ಸಮ ಇಲ್ಲಂದ್ರ ಬಿಗಿ ಮಾಡಿದ್ರ ಆಗಂಗಿಲ್ಲ, ಚೈನ್ ಸ್ಪ್ರಾಕೆಟ್ ಸೆಟ್ಟ ಬದಲಿ ಮಾಡು

ವಿನಿ, 8:30
ಟ್ಯೂನರ್ ಜೊತೆ ಮಾತಾಡ್ದೆ. ಹಿಂದಿನ ಗಾಡಿ ಸೆಟ್ಟಿಂಗ್ ಉಳ್ಕೊಂಡಿತ್ತು ಅಂತ ಒಪ್ಕೊಂಡ್ರು, ಎರಡೂ ಎಸ್‌ಎಇಲಿ ಕಳಿಸಿದ್ರು. 39.8, 41.9. ಪಾಟೀಲನ ಲೆಕ್ಕ ಕರೆಕ್ಟ್. ಸೆನ್ಸರ್ ವಾಪಸ್ ಹಾಕಿ, ಕೆಳಗಿನ ಖಾನೆಗಳನ್ನ ಸೊನ್ನೆ ಮಾಡಿ, 40 ಪರ್ಸೆಂಟ್ ಮೇಲೆ ಮಾತ್ರ ಇಟ್ಕೊಡಿ ಅಂದೆ. ಮಾಮೂಲಿ ಪೆಟ್ರೋಲಲ್ಲಿ ಟೈಮಿಂಗ್ ಮತ್ತೆ ನೋಡಿ ಅಂತಾನೂ ಹೇಳ್ದೆ. ಮುಂದಿನ ಶನಿವಾರ 10ಕ್ಕೆ ಕರೆದಿದ್ದಾರೆ, ಅರ್ಧ ದಿನದ ಚಾರ್ಜ್

ಸುಮಾ, 8:36
ಥ್ಯಾಂಕ್ಸ್ ಕಣೋ. ಹಳೇ ಸೈಲೆನ್ಸರ್ ಇನ್ನೂ ಮನೇಲಿದ್ರೆ ಅದನ್ನೂ ಹಾಕಿಸಿ ಒಂದು ರನ್ ತಗೋ, ಎಷ್ಟು ವ್ಯತ್ಯಾಸ ಅಂತ ನೋಡು

ವಿನಿ, 8:38
ಅಟ್ಟದ ಮೇಲಿದೆ. ಇಳಿಸ್ತೀನಿ

ಪಾಟೀಲ, 8:41
ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮಕ್ಕ ಹತ್ತಿ ಬರ್ತೀನಿ, ನಾನೂ ನಿಂತು ನೋಡಬೇಕು. ಟ್ಯಾಂಕ್ ಖಾಲಿ ಮಾಡ್ಕೊಂಡು ಮಾಮೂಲಿ ಪೆಟ್ರೋಲ್ ತುಂಬ್ಸಿ ಇಡು

ಮಂಜ, 8:43
ನಾನೂ ಬರ್ತೀನಿ. ಪ್ಲಗ್ ಬಿಚ್ಚಿ ನೋಡೋಣ, ರನ್ನಿಗೆ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ