ಏಳು ತಿಂಗಳು ದಾಟಿದ ಮೇಲೆ ಗರ್ಭದ ನೀರಿನ ಪರೀಕ್ಷೆ: ಡಾಕ್ಟರಮ್ಮನನ್ನು ಕೇಳಿ

ಅಡ್ಮಿನ್: ನಮ್ಮ ಗುಂಪಿನಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಯವರಿದ್ದಾರೆ. ಇವತ್ತು ಸಂಜೆ ಬಳ್ಳಾರಿಯ ಸ್ತ್ರೀರೋಗ ತಜ್ಞೆಯೊಬ್ಬರು ಉತ್ತರಿಸಲು ಒಪ್ಪಿದ್ದಾರೆ. ವಿಷಯ ಆಮ್ನಿಯೋಸೆಂಟೆಸಿಸ್. ಅಂದರೆ, ಹೊಟ್ಟೆಯೊಳಗೆ ಮಗುವಿನ ಸುತ್ತ ಇರುವ ನೀರನ್ನು ಸೂಜಿಯಿಂದ ತೆಗೆದು ಮಾಡುವ ಪರೀಕ್ಷೆ. ಅದರಲ್ಲೂ ತಿಂಗಳು ತುಂಬುತ್ತಾ ಬಂದಾಗ ಮಾಡುವುದು. ಹೆಸರು ಬೇಡ, ಊರು ಸಾಕು. ರಿಪೋರ್ಟಿನ ಫೋಟೋ ಹಾಕಬೇಡಿ.

ಸಿರುಗುಪ್ಪದ ಸದಸ್ಯೆ: ಮೇಡಂ ನಮಸ್ಕಾರ. ನನಗೀಗ 33 ವಾರ. ನೀರು ತೆಗೆಯಬೇಕು ಎಂದಿದ್ದಾರೆ. ತುಂಬಾ ನೋವಾಗುತ್ತದೆಯೇ? ಎಷ್ಟು ಹೊತ್ತು ಬೇಕು? ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ?

ಡಾಕ್ಟರ್: ನಮಸ್ಕಾರ. ಸೂಜಿ ಒಳಗಿರುವುದು ಒಂದೆರಡು ನಿಮಿಷ ಮಾತ್ರ. ಮೊದಲು ಸ್ಕ್ಯಾನ್ ಮಾಡಿ ಮಗು ಎಲ್ಲಿ, ಮಾಸು ಎಲ್ಲಿ, ನೀರಿನ ಜಾಗ ಎಲ್ಲಿ ಎಂದು ನೋಡುವುದಕ್ಕೇ ಹೆಚ್ಚು ಸಮಯ ಬೇಕು. ಚರ್ಮ ದಾಟುವಾಗ ಚುಚ್ಚಿದ ನೋವು, ಗರ್ಭಕೋಶ ದಾಟುವಾಗ ಮುಟ್ಟಿನ ದಿನದಂತೆ ಹಿಂಡಿದ ನೋವು ಇರುತ್ತದೆ. ಮರಗಟ್ಟಿಸುವ ಇಂಜೆಕ್ಷನ್ ಬಹುತೇಕ ಬೇಕಾಗುವುದಿಲ್ಲ. ಸ್ಕ್ಯಾನಿನ ಪರದೆಯಲ್ಲಿ ಸೂಜಿಯ ತುದಿಯನ್ನು ನೋಡುತ್ತಲೇ ಕೆಲಸ ಮಾಡುತ್ತಾರೆ. ಮೊದಲ ಒಂದೆರಡು ಮಿಲಿಲೀಟರ್ ಚೆಲ್ಲಿ, ಬೇರೆ ಸಿರಿಂಜಿನಲ್ಲಿ 15ರಿಂದ 20 ಮಿಲಿಲೀಟರ್ ತೆಗೆಯುತ್ತಾರೆ. ಮೊದಲು ಬಂದದ್ದರಲ್ಲಿ ತಾಯಿಯ ಜೀವಕೋಶಗಳು ಸೇರಿರಬಹುದು, ಅದಕ್ಕೆ ಚೆಲ್ಲುವುದು. ಆಮೇಲೆ ಸ್ವಲ್ಪ ಹೊತ್ತು ಮಗುವಿನ ಎದೆಬಡಿತ ನೋಡಿ ಮನೆಗೆ ಕಳಿಸುತ್ತಾರೆ. ಸಾಮಾನ್ಯವಾಗಿ ಉಪವಾಸ ಬೇಡ, ತಿಂದೇ ಹೋಗಿ. ಮೂತ್ರ ಕಟ್ಟಿಕೊಂಡು ಕೂರುವುದೂ ಬೇಡ.

ಸಂಡೂರಿನ ಸದಸ್ಯೆ: ಮೇಡಂ, ನೋವಾಗುತ್ತದೆಯೇ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಮುದಗಲ್ಲಿನ ಸದಸ್ಯ: ಖರ್ಚು ಎಷ್ಟಾಗುತ್ತದೆ ಮೇಡಂ?

ಕಂಪ್ಲಿಯ ಸದಸ್ಯೆ: ನನ್ನ ಅಕ್ಕನಿಗೆ ಹಿಂದೆ 36 ವಾರದಲ್ಲಿ ಮಗುವಿನ ಶ್ವಾಸಕೋಶ ಬಲಿತಿದೆಯೇ ಎಂದು ನೋಡಲು ನೀರು ತೆಗೆದಿದ್ದರು. ನನಗೂ ಅವಧಿಗೆ ಮುಂಚೆ ಹೆರಿಗೆ ಮಾಡಿಸಬಹುದು ಎನ್ನುತ್ತಿದ್ದಾರೆ, ಆದರೆ ಆ ಪರೀಕ್ಷೆಯ ಮಾತೇ ಎತ್ತಲಿಲ್ಲ. ಮರೆತಿದ್ದಾರೆಯೇ?

ಡಾಕ್ಟರ್: ಮರೆತಿಲ್ಲ. ಅದು ಹಳೆಯ ಪದ್ಧತಿ. ನೀರಿನಲ್ಲಿ ಲೆಸಿಥಿನ್ ಮತ್ತು ಸ್ಫಿಂಗೋಮೈಲಿನ್ ಎಂಬ ಎರಡು ಕೊಬ್ಬಿನ ಅಂಶಗಳ ಪ್ರಮಾಣ ಅಳೆಯುತ್ತಿದ್ದರು. ಲೆಸಿಥಿನ್ ಎರಡು ಪಾಲು, ಸ್ಫಿಂಗೋಮೈಲಿನ್ ಒಂದು ಪಾಲು ಬಂದರೆ ಶ್ವಾಸಕೋಶ ಬಲಿತಿದೆ ಎಂದು ಲೆಕ್ಕ. ಈಗ ಅದನ್ನು ಹೆಚ್ಚುಕಡಿಮೆ ಕೈಬಿಟ್ಟಿದ್ದೇವೆ. ಹೆರಿಗೆ ಬೇಗ ಆಗಬಹುದು ಎನಿಸಿದರೆ ಮಗುವಿನ ಶ್ವಾಸಕೋಶ ಬೇಗ ಬಲಿಯಲೆಂದು ತಾಯಿಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ. ನಮ್ಮಲ್ಲಿ ಹೆಚ್ಚಾಗಿ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ, 12 ತಾಸಿಗೊಂದರಂತೆ ನಾಲ್ಕು.

ಸಿಂಧನೂರಿನ ಸದಸ್ಯ: ಮೇಡಂ, ನನ್ನ ಹೆಂಡತಿಗೆ 32 ವಾರ. 20ನೇ ವಾರದಲ್ಲಿ ಮಗುವಿನ ಅಂಗಾಂಗ ನೋಡುವ ಟಿಫಾ ಸ್ಕ್ಯಾನಿನಲ್ಲಿ ಎಲ್ಲ ಸರಿ ಇದೆ ಎಂದಿದ್ದರು. ಈಗ ನೀರು ತುಂಬಾ ಜಾಸ್ತಿಯಾಗಿದೆ, ಮಗುವಿನ ಹೊಟ್ಟೆಯಲ್ಲಿ ಎರಡು ಗುಳ್ಳೆ ಕಾಣುತ್ತಿವೆ, ಕರುಳು ಕಟ್ಟಿರಬಹುದು, ನೀರು ತೆಗೆದು ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಅವಳಿಗೆ ಮಲಗಿದರೆ ಉಸಿರು ಕಟ್ಟುತ್ತದೆ. ನಾನು ಅವಳ ಸೋದರಮಾವ. ಮನೆಯಲ್ಲಿ ಎಲ್ಲರೂ ಅದರಿಂದಲೇ ಹೀಗಾಯಿತು ಎನ್ನುತ್ತಿದ್ದಾರೆ. ಈಗ ಪರೀಕ್ಷೆ ಮಾಡಿಸಿ ಏನು ಉಪಯೋಗ?

ಕುಷ್ಟಗಿಯ ಹಿರಿಯರು: ತಮ್ಮಾ, ಹೆದರಬೇಡ. ದಿನಾ ಬೆಳಿಗ್ಗೆ ಎರಡು ಚಮಚ ಔಡಲೆಣ್ಣೆ, ಅದರ ಮೇಲೆ ಬಿಸಿನೀರು ಕುಡಿಸು. ಕರುಳು ಬಿಚ್ಚುತ್ತದೆ, ನೀರು ಇಳಿಯುತ್ತದೆ. ನೀರು ಕುಡಿಯುವುದನ್ನೂ ಅರ್ಧ ಮಾಡಿಸು. ಇದು ನನಗೆ ಮೂರು ಗುಂಪುಗಳಿಂದ ಬಂದಿದೆ.

ಡಾಕ್ಟರ್: ಕಾಕಾ, ದಯವಿಟ್ಟು ಅದನ್ನು ಅಳಿಸಿ. ಔಡಲೆಣ್ಣೆ ಕುಡಿದರೆ ಭೇದಿಯಾಗುತ್ತದೆ, ಗರ್ಭಕೋಶ ಕೆರಳಿ ನೋವು ಶುರುವಾಗಬಹುದು. ನೀರು ಜಾಸ್ತಿಯಾಗಿ ಮೊದಲೇ ಬಿಗಿದಿರುವ ಹೊಟ್ಟೆ ಅದು, 32 ವಾರಕ್ಕೆ ಹೆರಿಗೆ ಮಾಡಿಸಬೇಕೆಂದಿದ್ದೀರಾ? ತಾಯಿ ಕುಡಿದ ಎಣ್ಣೆ ಮಗುವಿನ ಕರುಳಿಗೆ ಹೋಗಿ ಏನನ್ನೂ ಬಿಚ್ಚುವುದಿಲ್ಲ. ಇನ್ನು ಬಳ್ಳಾರಿ, ರಾಯಚೂರಿನ ಬಿಸಿಲಿನಲ್ಲಿ ಬಸುರಿಗೆ ನೀರು ಕಡಿಮೆ ಮಾಡಿಸುವ ಬುದ್ಧಿ ಯಾರದೋ ಗೊತ್ತಿಲ್ಲ.

ಸಿಂಧನೂರಿನವರೇ, ನಿಮಗೆ ಉದ್ದವಾಗಿಯೇ ಬರೆಯುತ್ತೇನೆ. ಉಳಿದವರು ಸ್ವಲ್ಪ ತಾಳಿ.

ಮಗು ಸುತ್ತಲಿನ ನೀರನ್ನು ದಿನವೂ ನುಂಗುತ್ತದೆ, ಮೂತ್ರವಾಗಿ ಮತ್ತೆ ಅಲ್ಲಿಗೇ ಬಿಡುತ್ತದೆ. ಜಠರದ ಮುಂದಿನ ಮೊದಲ ಕರುಳು ಮುಚ್ಚಿಕೊಂಡಿದ್ದರೆ ನುಂಗಿದ್ದು ಕೆಳಗೆ ಇಳಿಯುವುದಿಲ್ಲ. ಜಠರ ಉಬ್ಬುತ್ತದೆ, ಮುಚ್ಚಿದ ಜಾಗದ ಹಿಂದಿನ ಕರುಳೂ ಉಬ್ಬುತ್ತದೆ. ಸ್ಕ್ಯಾನಿನಲ್ಲಿ ಕಾಣುವ ಎರಡು ಕಪ್ಪು ಗುಳ್ಳೆಗಳು ಇವೇ. ಹೊರಗೆ ನೀರು ಏರುತ್ತಾ ಹೋಗುತ್ತದೆ. 20ನೇ ವಾರದಲ್ಲಿ ಮಗು ನುಂಗುವುದು ಕಡಿಮೆ, ಆದ್ದರಿಂದ ಆಗ ಇದು ಕಾಣದೇ ಇರುವುದು ಸಾಮಾನ್ಯ. ಟಿಫಾ ಮಾಡಿದವರನ್ನು ಬೈಯಬೇಡಿ.

ಸೂಜಿ ಏಕೆ ಎಂದರೆ, ಹೀಗೆ ಕರುಳು ಮುಚ್ಚಿರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಡೌನ್ ಸಿಂಡ್ರೋಮ್ ಇರುತ್ತದೆ. ಅಂದರೆ 21ನೇ ವರ್ಣತಂತು (ಕ್ರೋಮೋಸೋಮ್) ಒಂದು ಹೆಚ್ಚು, ಮಗುವಿನ ಬೆಳವಣಿಗೆ, ಕಲಿಕೆ ನಿಧಾನ. ಮೂರರಲ್ಲಿ ಎರಡಕ್ಕೆ ಇರುವುದಿಲ್ಲ ಎಂಬುದನ್ನೂ ಮನೆಯಲ್ಲಿ ಓದಿ ಹೇಳಿ. ಕರುಳನ್ನು ಹುಟ್ಟಿದ ಮೇಲೆ ಆಪರೇಷನ್ ಮಾಡಿ ಸರಿಪಡಿಸಬಹುದು, ವರ್ಣತಂತುವನ್ನು ಸರಿಪಡಿಸಲಾಗುವುದಿಲ್ಲ. ಡೌನ್ ಇದ್ದರೆ ಹೃದಯದ ತೊಂದರೆಯ ಸಾಧ್ಯತೆ ಹೆಚ್ಚು. ಹೃದಯಕ್ಕೆ ಪ್ರತ್ಯೇಕ ಸ್ಕ್ಯಾನ್ ಇದೆ, ಫೀಟಲ್ ಎಕೋ ಎನ್ನುತ್ತಾರೆ. ಫಲಿತಾಂಶಕ್ಕೆ ಕಾಯದೆ ಅದನ್ನು ಈಗಲೇ ಮಾಡಿಸಿ.

ಸೋದರಮಾವನ ಮಾತು. ಡೌನ್ ಸಿಂಡ್ರೋಮ್‌ಗೂ ರಕ್ತಸಂಬಂಧದ ಮದುವೆಗೂ ನಂಟಿಲ್ಲ. ರಕ್ತಸಂಬಂಧದಿಂದ ಹೆಚ್ಚುವುದು ಬೇರೆ ಬಗೆಯ ಕಾಯಿಲೆಗಳು: ತಂದೆ ತಾಯಿ ಇಬ್ಬರಲ್ಲೂ ಅಡಗಿರುವ ಒಂದೇ ದೋಷ ಮಗುವಿನಲ್ಲಿ ಕೂಡಿ ಬರುವುದು. ಹಾಗಾಗಿ ಹಿಂದೆ ಮಕ್ಕಳು ತೀರಿಕೊಂಡ ಇತಿಹಾಸ ಮನೆತನದಲ್ಲಿದ್ದರೆ ಮುಚ್ಚಿಡದೆ ಹೇಳಿ, ಪ್ರಯೋಗಾಲಯಕ್ಕೆ ಏನು ಹುಡುಕಬೇಕೆಂದು ಆಗ ಗೊತ್ತಾಗುತ್ತದೆ.

ಈ ತಿಂಗಳಲ್ಲಿ ನೀರು ತೆಗೆಯುವುದರಲ್ಲಿ ಎರಡು ಬೇರೆ ಲೆಕ್ಕಗಳಿವೆ. ಒಂದು, ಗರ್ಭಪಾತದ ಭಯ ಮುಗಿದಿದೆ, ಆದರೆ ಅವಧಿಗೆ ಮುಂಚೆ ನೋವು ಬರುವ, ನೀರು ಸೋರುವ ಭಯ ಇದೆ. ದೊಡ್ಡ ತೊಂದರೆ ಅಪರೂಪ. ಆದರೆ ನಿಮ್ಮವರ ಹೊಟ್ಟೆ ನೀರಿನಿಂದಲೇ ಬಿಗಿದಿರುವುದರಿಂದ ಸೂಜಿ ಇಲ್ಲದೆಯೂ ಆ ಅಪಾಯ ಇದೆ. ಸ್ಟೀರಾಯ್ಡ್ ಕೊಡಬೇಕೇ ಎಂದು ಸೂಜಿಗೆ ಮುಂಚೆಯೇ ಕೇಳಿ. ಉಸಿರಾಟಕ್ಕೆ ಕಷ್ಟವಿದ್ದರೆ ಅದೇ ಸೂಜಿಯಿಂದ ಹೆಚ್ಚುವರಿ ನೀರನ್ನು ನಿಧಾನವಾಗಿ ಇಳಿಸಲೂಬಹುದು. ನಿಧಾನವಾಗಿ ಎಂಬುದು ಮುಖ್ಯ, ಒಮ್ಮೆಗೇ ಇಳಿಸಿದರೆ ಮಾಸು ಬಿಡಬಹುದು. ಎರಡು, ತಿಂಗಳು ತುಂಬುತ್ತಾ ಬಂದಂತೆ ನೀರಿನಲ್ಲಿ ಸತ್ತ ಜೀವಕೋಶಗಳು ಹೆಚ್ಚು, ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ವಿಫಲವಾಗುವುದು ಹೆಚ್ಚು. ಬರೀ ಕಲ್ಚರ್ ನೆಚ್ಚಿಕೊಂಡು ಎರಡು ಮೂರು ವಾರ ಕಾದರೆ ವರದಿಗೆ ಮುಂಚೆ ಮಗುವೇ ಬರಬಹುದು. ಮುಖ್ಯವಾದ ಕೆಲವು ವರ್ಣತಂತುಗಳನ್ನು ಮಾತ್ರ ಎಣಿಸಿ ಎರಡು ಮೂರು ದಿನದಲ್ಲಿ ಬರುವ ಫಿಶ್ ಅಥವಾ ಕ್ಯೂಎಫ್ ಪಿಸಿಆರ್ ಪರೀಕ್ಷೆಗೆ ಕಳಿಸುತ್ತಾರೆಯೇ, ಜೊತೆಗೆ ವರ್ಣತಂತುಗಳ ಸಣ್ಣ ತುಂಡುಗಳ ಹೆಚ್ಚುಕಡಿಮೆ ನೋಡುವ ಮೈಕ್ರೋಅರೇ ಬೇಕೇ ಎಂದು ಕೇಳಿ. ಮಾದರಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗುವುದಾದರೆ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದೂ ಕೇಳಿ. ಶನಿವಾರ ಸಂಜೆ ತೆಗೆದು ಸೋಮವಾರದವರೆಗೆ ಮೇಜಿನ ಮೇಲೆ ಇಟ್ಟ ಟ್ಯೂಬಿನಿಂದ ಯಾರಿಗೂ ಉಪಯೋಗವಿಲ್ಲ.

ಕೊನೆಯದಾಗಿ, ಪರೀಕ್ಷೆ ಬೇಡ ಎನ್ನುವ ಹಕ್ಕು ನಿಮ್ಮಾಕೆಗೆ ಇದೆ. ಹುಟ್ಟಿದ ಮೇಲೆ ಮಗುವಿನ ರಕ್ತದಿಂದಲೂ ತಿಳಿಯಬಹುದು. 24 ವಾರ ದಾಟಿದ ಮೇಲೆ ಗರ್ಭ ತೆಗೆಸುವ ವಿಚಾರ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಗರ್ಭಪಾತದ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ಗಂಭೀರ ನ್ಯೂನತೆ ಇದ್ದರೆ ವೈದ್ಯಕೀಯ ಮಂಡಳಿ ನೋಡುತ್ತದೆ. ಆದರೆ ಪರೀಕ್ಷೆ ಮಾಡಿಸಿದರೂ ಬಿಟ್ಟರೂ ಹೆರಿಗೆ ಸಿಂಧನೂರಿನಲ್ಲಿ ಆಗಬಾರದು. ಮಕ್ಕಳ ಶಸ್ತ್ರಚಿಕಿತ್ಸಕರು ಮತ್ತು ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆಯಲ್ಲಿ ಈಗಲೇ ಹೆಸರು ಬರೆಸಿ. ಹುಟ್ಟಿದ ಕೂಡಲೇ ಜೇನುತುಪ್ಪ, ಸಕ್ಕರೆ ನೀರು ಯಾವುದನ್ನೂ ಬಾಯಿಗೆ ಹಾಕಬೇಡಿ.

ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು ಏನಿದೆ ನೋಡಿ ತಿಳಿಸಿ.

ಮಾನ್ವಿಯ ಸದಸ್ಯ: ಮೇಡಂ, ಈ ನೀರಿನಲ್ಲಿ ಎಲ್ಲವೂ ಗೊತ್ತಾಗುತ್ತದೆಯಂತೆ. ಮೊದಲ ಎರಡೂ ಹೆಣ್ಣು. ಸುಮ್ಮನೆ ತಿಳಿದುಕೊಳ್ಳಲು ಕೇಳಿದೆ.

ಡಾಕ್ಟರ್: ಸುಮ್ಮನೆ ಕೇಳುವವರು ಎರಡು ಹೆಣ್ಣು ಎಂದು ಲೆಕ್ಕ ಕೊಡುವುದಿಲ್ಲ. 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲಿ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳಿದವರಿಗೂ ಜೈಲು, ಹೇಳಿಸಿಕೊಳ್ಳಲು ಬಂದವರಿಗೂ ಮೂರು ವರ್ಷದವರೆಗೆ ಜೈಲು ಮತ್ತು ಐವತ್ತು ಸಾವಿರದವರೆಗೆ ದಂಡ. ಸೂಜಿಗೆ ಮುಂಚೆ ತಾಯಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪತ್ರ ಬರೆಸುತ್ತಾರೆ, ಅದರ ಪ್ರತಿಯನ್ನು ಅವಳಿಗೇ ಕೊಡಬೇಕು. ಅಡ್ಮಿನ್, ಇವರನ್ನು ನೋಡಿಕೊಳ್ಳಿ.

ಲಿಂಗಸುಗೂರಿನ ಸದಸ್ಯೆ: ನಾನು ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸೂಜಿಯ ದಿನ ನಿಲ್ಲಿಸಬೇಕೇ?

ಕುಷ್ಟಗಿಯ ಹಿರಿಯರು: ಡಾಕ್ಟರು ರಕ್ತಸಂಬಂಧದ ಬಗ್ಗೆ ಏನೋ ಬರೆದರು. ನಮ್ಮ ಅಪ್ಪ, ಅಜ್ಜ ಎಲ್ಲರೂ ಅಕ್ಕನ ಮಗಳನ್ನೇ ಮದುವೆಯಾದವರು. ಯಾರಿಗೂ ಏನೂ ಆಗಲಿಲ್ಲ.

ಗಂಗಾವತಿಯ ಸದಸ್ಯೆ: ಏನೂ ಆಗಲಿಲ್ಲ ಎಂದು ಬದುಕಿದವರನ್ನು ಮಾತ್ರ ಎಣಿಸಿ ಹೇಳುತ್ತೀರಿ ಕಾಕಾ. ನಮ್ಮ ಅಜ್ಜಿ ಹಡೆದದ್ದು ಒಂಬತ್ತು, ಉಳಿದದ್ದು ನಾಲ್ಕು. ಉಳಿದ ಐದರ ಸುದ್ದಿ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಕುಷ್ಟಗಿಯ ಹಿರಿಯರು: ಆಗ ಸಿಡುಬು, ಕಾಲರಾ ಇತ್ತು. ನೀವು ಓದಿದವರು ಎಲ್ಲವನ್ನೂ ಸಂಬಂಧದ ತಲೆಗೆ ಕಟ್ಟುತ್ತೀರಿ. ಹೊರಗಿನ ಹೆಣ್ಣು ತಂದರೆ ಹೊಲ ಒಡೆಯುತ್ತದೆ.

ಗಂಗಾವತಿಯ ಸದಸ್ಯೆ: ಹೊಲದ ಮಾತು ಈಗ ಬಂತು ನೋಡಿ.

ಮಾನ್ವಿಯ ಸದಸ್ಯ: ಅಕ್ಕನವರು ಹಿರಿಯರ ಜೊತೆ ಮಾತನಾಡುವ ರೀತಿ ಇದೇನಾ?

ಗಂಗಾವತಿಯ ಸದಸ್ಯೆ: ನೀವು ಬಾಯಿ ಬಿಡಲೇಬೇಡಿ.

ಸಿಂಧನೂರಿನ ಸದಸ್ಯ: ಮೇಡಂ, ಅವಳದು ಬಿ ನೆಗೆಟಿವ್. ನನ್ನದು ಬಿ ಪಾಸಿಟಿವ್.

ಯಲಬುರ್ಗಾದ ಆಶಾ ಕಾರ್ಯಕರ್ತೆ: ಅಣ್ಣಾ, ನೆಗೆಟಿವ್ ರಕ್ತದ ತಾಯಂದಿರಿಗೆ 28ನೇ ವಾರದಲ್ಲಿ ಕೊಡುವ ಆಂಟಿ ಡಿ ಇಂಜೆಕ್ಷನ್ ಹಾಕಿಸಿದ್ದೀರಾ? ಕಾರ್ಡಿನಲ್ಲಿ ಬರೆದಿರುತ್ತಾರೆ.

ಸಿಂಧನೂರಿನ ಸದಸ್ಯ: ಹಾಕಿಸಿದ್ದೇವೆ. ಹಾಗಾದರೆ ಮತ್ತೆ ಬೇಡ ಅಲ್ಲವೇ?

ಡಾಕ್ಟರ್: ಬೇಕು. 28ನೇ ವಾರದ್ದು ಅದರ ಪಾಡಿಗೆ. ಸೂಜಿ ಚುಚ್ಚಿದಾಗ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರಬಹುದು, ಮಗುವಿನದು ಪಾಸಿಟಿವ್ ಆಗಿದ್ದರೆ ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಬಹುದು, ಆದ್ದರಿಂದ 72 ಗಂಟೆಯೊಳಗೆ ಆಂಟಿ ಡಿ ಮತ್ತೆ ಕೊಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ 300 ಮೈಕ್ರೋಗ್ರಾಂ ಕೊಡುತ್ತೇವೆ. ಅಂಥ ಪ್ರತಿಕಾಯ ಈಗಾಗಲೇ ಇದೆಯೇ ಎಂದು ನೋಡುವ ಐಸಿಟಿ ರಕ್ತಪರೀಕ್ಷೆಯನ್ನು ಅದಕ್ಕೆ ಮುಂಚೆ ಮಾಡಿಸಿದ್ದರೆ ಅದರ ಚೀಟಿಯನ್ನೂ ಕೊಂಡೊಯ್ಯಿರಿ. ನೀವು ರಕ್ತದ ಗುಂಪು ಹೇಳದೇ ಇದ್ದಿದ್ದರೆ ಇದು ಬಿಟ್ಟುಹೋಗುತ್ತಿತ್ತು. ಆಶಾ ತಂಗಿ ಸರಿಯಾಗಿ ಕೇಳಿದ್ದಾರೆ.

ಹೊಸಪೇಟೆ ರಸ್ತೆಯ ಸದಸ್ಯ: ಇದೆಲ್ಲ ಕಮಿಷನ್ ವ್ಯವಹಾರ. ಸ್ಕ್ಯಾನಿಂಗ್‌ನವರು ಹೆದರಿಸುತ್ತಾರೆ, ಲ್ಯಾಬಿನವರು ದುಡ್ಡು ಮಾಡುತ್ತಾರೆ. ಸೂಜಿ ಮಗುವಿನ ಕಣ್ಣಿಗೆ ಚುಚ್ಚಿ ಕುರುಡಾದ ವಿಡಿಯೋ ನನ್ನ ಹತ್ತಿರ ಇದೆ, ಹಾಕಲೇ?

ಯಲಬುರ್ಗಾದ ಆಶಾ ಕಾರ್ಯಕರ್ತೆ: ಹಾಕಬೇಡಿ ಅಣ್ಣಾ. ಅಂಥ ವಿಡಿಯೋ ನೋಡಿ ನಮ್ಮೂರಿನಲ್ಲಿ ಒಬ್ಬಾಕೆ ಆಂಟಿ ಡಿ ಇಂಜೆಕ್ಷನ್ನೇ ಬೇಡ ಎಂದು ಹಟ ಹಿಡಿದಿದ್ದಳು.

ಹೊಸಪೇಟೆ ರಸ್ತೆಯ ಸದಸ್ಯ: ನಿಮಗೂ ಒಂದು ಕೇಸಿಗೆ ಇಷ್ಟು ಎಂದು ಸಿಗುತ್ತದೆ ಅಲ್ಲವೇ?

ಯಲಬುರ್ಗಾದ ಆಶಾ ಕಾರ್ಯಕರ್ತೆ: ಸಿಗುವ ಗೌರವಧನ ಎಷ್ಟೆಂದು ಗೊತ್ತಿದ್ದರೆ ಈ ಮಾತು ಆಡುತ್ತಿರಲಿಲ್ಲ. ರಾತ್ರಿ ಎರಡಕ್ಕೆ 108ಕ್ಕೆ ಫೋನ್ ಮಾಡಿ ಜೊತೆಯಲ್ಲಿ ಕೂತು ಹೋಗುವವಳು ನಾನು, ನೀವಲ್ಲ.

ಡಾಕ್ಟರ್: ಸ್ಕ್ಯಾನ್ ನೋಡದೆ ಚುಚ್ಚುತ್ತಿದ್ದ ಕಾಲ ಹೋಗಿದೆ. ಮಗುವಿಗೆ ಸೂಜಿ ತಾಗುವುದು ತೀರಾ ಅಪರೂಪ. ನಿಮ್ಮ ವಿಡಿಯೋ ಯಾವ ಊರಿನದು, ಯಾವ ಆಸ್ಪತ್ರೆಯದು, ಯಾವ ವರ್ಷದ್ದು? ಗೊತ್ತಿಲ್ಲದಿದ್ದರೆ ನಿಮ್ಮ ಹತ್ತಿರವೇ ಇರಲಿ.

ಕಂಪ್ಲಿಯ ಸದಸ್ಯೆ: ಪರೀಕ್ಷೆ ಮುಗಿದ ಮೇಲೆ ಎಷ್ಟು ದಿನ ಹಾಸಿಗೆಯಲ್ಲೇ ಇರಬೇಕು?

ಡಾಕ್ಟರ್: ಹಾಸಿಗೆ ಬೇಡ. ಒಂದೆರಡು ದಿನ ಕೊಡ ಎತ್ತಬೇಡಿ, ದೂರದ ಪ್ರಯಾಣ ಬೇಡ, ಗಂಡಹೆಂಡತಿ ದೂರ ಇರಿ. ನೀರು ತೊಟ್ಟಿಕ್ಕಿದರೆ, ರಕ್ತ ಕಂಡರೆ, ಜ್ವರ ಬಂದರೆ, ಹೊಟ್ಟೆ ಬಿಗಿದು ಬಿಗಿದು ಬಂದರೆ, ಮಗುವಿನ ಓಡಾಟ ಕಡಿಮೆಯಾದರೆ ಗುಂಪಿನಲ್ಲಿ ಕೇಳುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಸಂಡೂರಿನ ಸದಸ್ಯೆ: ಮೇಡಂ, ಆ ದಿನವೇ ಬಸ್ಸಿನಲ್ಲಿ ವಾಪಸ್ ಬರಬಹುದೇ? ಮತ್ತೆ ನೋವು ಎಷ್ಟಿರುತ್ತದೆ?

ಡಾಕ್ಟರ್: ಮೇಲೆ. ಎರಡನೆಯ ಸಲ ಹೇಳುತ್ತಿದ್ದೇನೆ.

ಸಂಡೂರಿನ ಸದಸ್ಯೆ: ಮೇಲೆ ಜಗಳವೇ ಇದೆ ಮೇಡಂ, ಉತ್ತರ ಹುಡುಕಿದರೂ ಸಿಗುತ್ತಿಲ್ಲ.

ಕುಷ್ಟಗಿಯ ಹಿರಿಯರು: ಔಡಲೆಣ್ಣೆ ಬೇಡವೆಂದರೆ ಬೇಡ. ಬಾಳೆದಿಂಡಿನ ರಸ ಕೊಟ್ಟರೆ?

ಡಾಕ್ಟರ್: ಕುಷ್ಟಗಿಯವರೇ, ಇನ್ನೊಂದು ಸಲ ಹೀಗೆ ಬರೆದರೆ ನಾನು ಗುಂಪಿನಿಂದ ಹೊರಗೆ ಹೋಗುತ್ತೇನೆ.

ಅಡ್ಮಿನ್: ಎಲ್ಲರೂ ಶಾಂತರಾಗಿ. ಮಾನ್ವಿಯವರನ್ನು ತೆಗೆದುಹಾಕಿದ್ದೇನೆ. ಕಾಕಾ, ನಿಮ್ಮ ಎಣ್ಣೆಯ ಬರಹವನ್ನೂ ಅಳಿಸಿದ್ದೇನೆ.

ಸಿಂಧನೂರಿನ ಸದಸ್ಯ: ಮೇಡಂ, ಅವಳು ನಿಮ್ಮದನ್ನು ತಾನೇ ಓದಿದಳು. ಪರೀಕ್ಷೆ ಮಾಡಿಸುತ್ತೇನೆ ಎನ್ನುತ್ತಾಳೆ, ಆದರೆ ವರದಿ ಏನೇ ಬಂದರೂ ಮಗು ತನಗೆ ಬೇಕು ಎಂದಳು. ಅವಳ ತಾಯಿ, ಅಂದರೆ ನನ್ನ ಅಕ್ಕ, ಇನ್ನೂ ಅಳುತ್ತಿದ್ದಾರೆ. ಬೆಂಗಳೂರಿಗೆ ಹೋದರೆ ಹೆರಿಗೆಯವರೆಗೂ ಅಲ್ಲೇ ಇರಬೇಕೇ?

ಡಾಕ್ಟರ್: ನೀರು ಇಷ್ಟಿರುವಾಗ ಪದೇ ಪದೇ ಓಡಾಡುವುದಕ್ಕಿಂತ ಹೋದವರು ಅಲ್ಲೇ ಉಳಿಯುವುದು ವಾಸಿ. ರಾತ್ರಿ ಬಸ್ಸು ಬೇಡ, ಹಗಲು ಹೋಗಿ. ಮೊದಲ ದಿನವೇ ಮಕ್ಕಳ ಶಸ್ತ್ರಚಿಕಿತ್ಸಕರನ್ನು ಕಾಣಬೇಕು ಎಂದು ಹೇಳಿ. ಅಕ್ಕನಿಗೆ ರಕ್ತಸಂಬಂಧದ ಬಗ್ಗೆ ನಾನು ಬರೆದದ್ದನ್ನು ಓದಿಸಿ. ನನಗೆ ವಾರ್ಡಿನಿಂದ ಕರೆ ಬಂದಿದೆ, ಹೊರಡುತ್ತೇನೆ.

ಮುದಗಲ್ಲಿನ ಸದಸ್ಯ: ಖರ್ಚಿನ ಮಾತು ಯಾರೂ ಹೇಳಲೇ ಇಲ್ಲ.